ಹೇಳಿದ್ದು, ಕೇಳಿಸಿದ್ದು

ಬೆಣ್ಣೀಹಳ್ಳವನ್ನು ಬೇಸಗೆಯಲ್ಲಿ ಮಾತ್ರ ನೋಡಿದವರು ಅದಕ್ಕೆ ಹೆದರಲಾರರು. ಎರೆಯ ನೆಲದಲ್ಲಿ ಬಿದ್ದ ಒಂದು ಆಳವಾದ ಬಿರುಕು, ತಳದಲ್ಲಿ ಒಂದಿಷ್ಟು ಕೆಸರು, ದಂಡೆಗುಂಟ ಜಾಲಿಯ ಕಂಟಿ, ಇಷ್ಟೇ ಅದರ ಆಗಿನ ರೂಪ. ಅದರ ಗುಣವನ್ನು ಬಲ್ಲವರು ನವಲಗುಂದ ತಾಲ್ಲೂಕಿನ ನಮ್ಮಂಥ ಹಳ್ಳಿಗರು. ಮೇಲೆ ಕುಂದಗೋಳದ ಕಡೆಗೋ ಹುಬ್ಬಳ್ಳಿಯ ಕಡೆಗೋ ಮಳೆ ಸುರಿದರೆ ಸಾಕು, ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ಬಂದುಬಿಡುತ್ತದೆ. ‘ಹಳ್ಳ ಬಂತು’ ಎಂದೇ ನಾವು ಹೇಳುತ್ತೇವೆ, ಬೀಗರು ಬಂದರು ಎಂದು ಹೇಳುವ ಹಾಗೆ.

1960ರ ದಶಕದ ಒಂದು ಹಿಂಗಾರಿ. ನಾನಾಗ ಏಳು ವರ್ಷದ ಹುಡುಗ. ಅಣ್ಣಿಗೇರಿಯ ಸಂತೆಗೆ ಚಕ್ಕಡಿ ಹೊಡೆದುಕೊಂಡು ಹೋಗಿದ್ದ ನಮ್ಮ ತಂದೆ ಸಂಜೆಯ ಹೊತ್ತಿಗೆ ತಿರುಗಿ ಬರುವವರಿದ್ದರು. ಮೇಲುಗಡೆ ಜೋರು ಮಳೆಯಾಗಿದೆಯೆಂಬ ಸುದ್ದಿ ಊರಿಗೆ ಮುಟ್ಟಿತು. ತಂದೆಯ ತಮ್ಮ, ನಮ್ಮ ಕಾಕಾ, ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಳ್ಳದ ದಂಡೆಗೆ ಓಡಿದರು. ನೀರು ಇನ್ನೂ ಮೊಳಕಾಲುಮಟ್ಟ ಇದ್ದರೂ ಅದರ ಬಣ್ಣ ತಿರುಗಿತ್ತು, ಸದ್ದು ಏರಿತ್ತು. ಆಚೆಯ ದಂಡೆಯಲ್ಲಿ ತಂದೆಯ ಚಕ್ಕಡಿ, ಅದರ ಹಿಂದೆ ಬೇರೆ ಯಾರದೋ ಇನ್ನೊಂದು. ಕಾಕಾ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು: ‘ಬರಬ್ಯಾಡಣ್ಣಾ!’ ಅವರ ಹೆಗಲ ಮೇಲಿದ್ದ ನನ್ನ ತೊಡೆಗಳಿಗೂ ಆ ಕೂಗಿನ ಕಂಪನ ತಾಗಿತು. ಅದೇ ಗಳಿಗೆಗೆ ಹಿಂದಿನ ಚಕ್ಕಡಿಯವನು ತನ್ನ ಎತ್ತುಗಳಿಗೆ ‘ಹೋ… ಹೋ’ ಎಂದ. ತಂದೆಯವರು ಕೈಯೆತ್ತಿ ‘ಹೂಂ’ ಎಂಬಂತೆ ಬೀಸಿ ಎತ್ತುಗಳನ್ನು ನೀರಿಗೆ ಇಳಿಸಿಬಿಟ್ಟರು.

ನಡುವಿಗೆ ಬರುವಷ್ಟರಲ್ಲಿ ಹಳ್ಳ ಬಂತು. ತಂದೆಯವರೂ ಚಕ್ಕಡಿಯಲ್ಲಿದ್ದ ಆಳುಮಗನೂ ಜಾಲಿಯ ಬೇರು ಹಿಡಿದು ಬದುಕಿದರು. ಒಂದು ಎತ್ತು ಜತ್ತಿಗೆ ಕಡಿದುಕೊಂಡು ಈಸಿ ದಡ ಸೇರಿತು. ಇನ್ನೊಂದು ಚಕ್ಕಡಿಯೊಂದಿಗೇ ಹೋಯಿತು. ಬಿಳಿಜೋಳದ ಬಿತ್ತನೆಗೆ ಇನ್ನೂ ವಾರವೂ ಉಳಿದಿರಲಿಲ್ಲ. ಒಂಟಿ ಎತ್ತಿನ ಒಕ್ಕಲುತನ ಎಂದರೇನು ಎಂಬುದನ್ನು ಬಲ್ಲವರು ಬಲ್ಲರು.

ಆ ರಾತ್ರಿ ಅಣ್ಣತಮ್ಮಂದಿರ ನಡುವೆ ನಡೆದ ಮಾತು ಎರಡೇ. ‘ನಾ ಬರಬ್ಯಾಡ ಅಂದೆ.’ ‘ಇಲ್ಲ, ನೀ ಬಾರಣ್ಣಾ ಅಂದಿ.’ ಅದಾದ ಬಳಿಕ ಇಪ್ಪತ್ತು ವರ್ಷ ಅವರು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಹೊಲದ ನಡುವೆ ಬದು ಬಿತ್ತು. ಅಂಗಳದ ನಡುವೆ ಗೋಡೆ ಎದ್ದಿತು. ‘ಕಾಕಾ ಬ್ಯಾಡ ಅಂದಿದ್ದಾ’ ಎಂದು ಒಮ್ಮೆ ನಾನು ಸಾಕ್ಷಿ ನುಡಿಯಲು ಹೋಗಿ ತಂದೆಯವರಿಂದ ಪೆಟ್ಟು ತಿಂದೆ.

ಕೇಳುಗರೆ, ಈ ಹೊತ್ತು ನಾನು ವಿಮಾನಗಳ ವಿಷಯ ಮಾತಾಡಬೇಕೆಂದು ಬಂದವನು. ಹಳ್ಳದಿಂದ ಆಕಾಶಕ್ಕೆ ಹಾರಿದ್ದು ವಿಚಿತ್ರವೆನಿಸಬಹುದು. ಆದರೆ ಹೈಸ್ಕೂಲಿನ ಭಾಷಾ ಶಿಕ್ಷಕನಾಗಿದ್ದ ನನಗೆ ಟೆನರೀಫ್ ಎಂಬ ದ್ವೀಪದಲ್ಲಿ ನಡೆದ ವಿಮಾನ ದುರಂತದ ವಿವರಗಳನ್ನು ಓದುವ ಪ್ರಸಂಗ ಬಂದಾಗ, ಅದರ ಒಂದೊಂದು ಸಾಲಿನಲ್ಲಿಯೂ ಬೆಣ್ಣೀಹಳ್ಳದ ಸದ್ದು ಕೇಳಿಸಿತು.

ವಿಮಾನಕ್ಕೆ ನೆಲದ ಮೇಲಿನ ನಿಯಂತ್ರಕನಿಂದ ಎರಡು ಬಗೆಯ ಅಪ್ಪಣೆ ಬೇಕು. ಒಂದು ದಾರಿಯ ಅಪ್ಪಣೆ: ಏರಿದ ಮೇಲೆ ಎತ್ತ ತಿರುಗಬೇಕು, ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಯಾವ ಗುರುತಿನ ಮೂಲಕ ಹಾಯಬೇಕು ಎಂಬುದು. ಇನ್ನೊಂದು ಹೊರಡುವ ಅಪ್ಪಣೆ: ಓಡುದಾರಿ ತೆರವಾಗಿದೆ, ಈಗ ಏರು ಎಂಬುದು. ಮಗನನ್ನು ಊರಿಗೆ ಕಳಿಸುವ ತಾಯಿ ಹಿಂದಿನ ರಾತ್ರಿಯೇ ‘ಹುಬ್ಬಳ್ಯಾಗ ಇಳದ ಮ್ಯಾಲೆ ಎಡಕ್ಕ ಹೊಳ್ಳು, ಮಾವನ ಮನಿ ಕೇಳು’ ಎಂದು ಹೇಳಿರುತ್ತಾಳೆ. ಹಾಗೆಂದು ಅವನು ಆ ರಾತ್ರಿಯೇ ಎದ್ದು ನಡೆಯುವುದಿಲ್ಲ. ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ‘ರೈಟ್’ ಎಂದಾಗಲೇ ಗಾಲಿ ಉರುಳಬೇಕು. ಈ ಎರಡು ಅಪ್ಪಣೆಗಳು ಒಂದರಂತೆ ಇನ್ನೊಂದು ಕೇಳಿಸಿದರೆ?

1977ರ ಮಾರ್ಚ್ 27ರಂದು ಹಾಗಾಯಿತು. ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಲಾಸ್ ಪಾಲ್ಮಾಸ್ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೊರಟಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನರೀಫ್ ದ್ವೀಪದ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ಕಳಿಸಿದರು. ಅಲ್ಲಿ ಜಾಗ ಸಾಲದೆ ವಿಮಾನಗಳು ಸಂತೆಯ ದಿನದ ಚಕ್ಕಡಿಗಳಂತೆ ಒಂದರ ಹಿಂದೊಂದು ನಿಂತವು. ಮಧ್ಯಾಹ್ನ ಕಳೆದು ಮೋಡವೇ ನೆಲಕ್ಕಿಳಿದು ಬಂತು. ಲಾಸ್ ಪಾಲ್ಮಾಸ್ ಮತ್ತೆ ತೆರೆದಾಗ ಹೊರಡಲು ಎಲ್ಲರಿಗೂ ಆತುರ. ಪಕ್ಕದ ದಾರಿ ತುಂಬಿದ್ದರಿಂದ ವಿಮಾನಗಳು ಓಡುದಾರಿಯ ಮೇಲೆಯೇ ಹಿಂದಕ್ಕೆ ನಡೆದು ಅದರ ತುದಿಗೆ ಹೋಗಬೇಕಾಯಿತು. ಡಚ್ಚರ ಕೆಎಲ್‌ಎಮ್ ಕಂಪನಿಯ ಬೋಯಿಂಗ್ 747 ಹಾಗೆ ತುದಿ ತಲುಪಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು 747 ಅದೇ ಓಡುದಾರಿಯ ಮೇಲೆ, ಮಂಜಿನಲ್ಲಿ ತನ್ನ ತಿರುವನ್ನು ಹುಡುಕುತ್ತ ಇನ್ನೂ ತೆವಳುತ್ತಿತ್ತು. ಒಂದಕ್ಕೊಂದು ಕಾಣವು. ಗೋಪುರದಲ್ಲಿದ್ದ ನಿಯಂತ್ರಕನಿಗೆ ಎರಡೂ ಕಾಣವು. ನೆಲದ ಮೇಲಿನ ಚಲನೆಯನ್ನು ತೋರಿಸುವ ರೇಡಾರ್ ಆ ನಿಲ್ದಾಣದಲ್ಲಿ ಇರಲಿಲ್ಲ. ಇದ್ದದ್ದು ಮಾತು ಒಂದೇ.

ಡಚ್ ವಿಮಾನದ ಕ್ಯಾಪ್ಟನ್ ಸಾಮಾನ್ಯನಲ್ಲ. ತನ್ನ ಕಂಪನಿಯಲ್ಲಿ 747ರ ಚಾಲಕರಿಗೆ ತರಬೇತು ಕೊಡುತ್ತಿದ್ದ ಹಿರಿಯ. ತಿರುಗಿ ನಿಂತೊಡನೆ ಆತ ಎಂಜಿನ್ನಿನ ವೇಗ ಏರಿಸಹೊರಟಾಗ ಸಹಚಾಲಕ, ‘ಇನ್ನೂ ದಾರಿಯ ಅಪ್ಪಣೆ ಬಂದಿಲ್ಲ’ ಎಂದು ತಡೆದ. ‘ಗೊತ್ತು, ಕೇಳು’ ಎಂದ ಕ್ಯಾಪ್ಟನ್. ಸಹಚಾಲಕ ಕೇಳಿದ. ನಿಯಂತ್ರಕ ದಾರಿಯ ಅಪ್ಪಣೆಯನ್ನು ಓದಿದ: ಇಂಥ ಗುರುತಿಗೆ ಹೋಗಬಹುದು, ಇಷ್ಟು ಎತ್ತರಕ್ಕೆ ಏರಬೇಕು, ನೆಲ ಬಿಟ್ಟ ಮೇಲೆ ಬಲಕ್ಕೆ ತಿರುಗಬೇಕು. ‘ನೆಲ ಬಿಟ್ಟ ಮೇಲೆ’ ಎಂಬ ಮಾತು ಅದರೊಳಗೆ ಇತ್ತು. ನೆಲ ಬಿಡು ಎಂಬುದು ಇರಲಿಲ್ಲ. ಸಹಚಾಲಕ ಅಪ್ಪಣೆಯನ್ನು ತಿರುಗಿ ಒಪ್ಪಿಸುತ್ತಿರುವಾಗಲೇ ಕ್ಯಾಪ್ಟನ್ ‘ಹೋಗೋಣ’ ಎಂದು ಬ್ರೇಕು ಬಿಟ್ಟ. ಸಹಚಾಲಕ ಗಡಿಬಿಡಿಯಿಂದ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದ. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥ ಬರುವ, ಆದರೆ ಯಾವ ಇಂಗ್ಲಿಷ್ ವ್ಯಾಕರಣಕ್ಕೂ ಸರಿಯಾಗಿ ಹೊಂದದ ಒಂದು ವಾಕ್ಯ.

ಈ ವಾಕ್ಯದ ಮೇಲೆ ಭಾಷೆಯನ್ನು ಬಲ್ಲವರು ಬಹಳ ಯೋಚನೆ ಮಾಡಿದ್ದಾರೆ. ಡಚ್ ಭಾಷೆಯಲ್ಲಿ ‘ಮಾಡುತ್ತಲಿದ್ದೇವೆ’ ಎಂದು ಹೇಳುವ ಒಂದು ರೀತಿ ಇದೆ. ಆ ಅಚ್ಚಿಗೆ ಇಂಗ್ಲಿಷನ್ನು ಎರಕ ಹೊಯ್ದರೆ ಇಂಥ ವಾಕ್ಯ ಬರುತ್ತದೆ ಎಂಬುದು ಅವರ ಊಹೆ. ಹೇಳಿದವನ ಮನಸ್ಸಿನಲ್ಲಿ ‘ಏರುತ್ತಿದ್ದೇವೆ’. ಕೇಳಿದ ಸ್ಪೇನಿನ ನಿಯಂತ್ರಕನ ಮನಸ್ಸಿನಲ್ಲಿ ‘ಏರುವ ಜಾಗದಲ್ಲಿ ನಿಂತಿದ್ದೇವೆ’. ಇಬ್ಬರದೂ ತಾಯ್ನುಡಿಯಲ್ಲದ ಮೂರನೆಯ ಭಾಷೆಯಲ್ಲಿ ಇಬ್ಬರೂ ತಮ್ಮ ತಮ್ಮ ತಾಯ್ನುಡಿಯನ್ನೇ ಆಡಿಕೊಂಡರು, ಕೇಳಿಸಿಕೊಂಡರು.

ಡಚ್ಚರನ್ನು ನಾವು ನಗಬೇಕಾದ್ದಿಲ್ಲ. ಧಾರವಾಡ ಸೀಮೆಯ ಯಾವ ಮನೆಯ ಬಾಗಿಲಲ್ಲಾದರೂ ನಿಂತು ‘ಬಂದ್ಯಾ?’ ಎಂದು ಕೂಗಿ ನೋಡಿ. ಒಳಗಿನಿಂದ ‘ಬಂದೆ, ಬಂದೆ’ ಎಂಬ ಉತ್ತರ ಬರುತ್ತದೆ, ವ್ಯಕ್ತಿ ಬಂದಿರುವುದಿಲ್ಲ. ‘ಹೊಂಟೆ’ ಎಂದವನು ರುಮಾಲು ಸುತ್ತುತ್ತಿರುತ್ತಾನೆ. ಆ ಬಳಿಕ ಎಲೆ ಅಡಿಕೆ ಇದೆ, ಅದಾದ ಮೇಲೆ ಮರೆತ ಚೀಲ ಇದೆ. ನಮ್ಮ ವ್ಯಾಕರಣದ ಪುಸ್ತಕಗಳು ಇದನ್ನು ಭೂತಕಾಲ ಎನ್ನುತ್ತವೆ. ನಮ್ಮ ಮಂದಿಯ ಬಾಯಲ್ಲಿ ಅದು ಆಗಿಹೋದದ್ದೂ ಹೌದು, ಇದೀಗ ಆಗುತ್ತಿರುವುದೂ ಹೌದು, ಸ್ವಲ್ಪ ಹೊತ್ತಿನಲ್ಲಿ ಆಗಬಹುದಾದದ್ದೂ ಹೌದು. ಅಂಗಳದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ, ಏಕೆಂದರೆ ಕಣ್ಣು ಸಾಕ್ಷಿಗೆ ಇರುತ್ತದೆ. ಟೆನರೀಫ್‌ನಲ್ಲಿ ಕಣ್ಣಿಗೆ ಮಂಜು ಕವಿದಿತ್ತು.

ಆ ವಾಕ್ಯಕ್ಕೆ ನಿಯಂತ್ರಕ ‘ಓಕೆ’ ಎಂದ. ಒಂದು ಕ್ಷಣ ತಡೆದು, ಏರಲು ಸಿದ್ಧವಾಗಿ ನಿಲ್ಲಿ, ನಾನು ಕರೆಯುತ್ತೇನೆ ಎಂಬರ್ಥದ ಮಾತು ಸೇರಿಸಿದ. ಅದೇ ಕ್ಷಣದಲ್ಲಿ ಗಾಬರಿಗೊಂಡ ಪ್ಯಾನ್ ಆಮ್ ಚಾಲಕರು, ನಾವಿನ್ನೂ ಓಡುದಾರಿಯಲ್ಲಿಯೇ ಇದ್ದೇವೆ ಎಂದು ಕೂಗಿ ಹೇಳಿದರು. ವಿಮಾನದ ರೇಡಿಯೋದಲ್ಲಿ ಒಂದೇ ತರಂಗದ ಮೇಲೆ ಇಬ್ಬರು ಒಮ್ಮೆಲೇ ಮಾತಾಡಿದರೆ ಕೇಳುವವನಿಗೆ ಇಬ್ಬರ ಮಾತೂ ದಕ್ಕುವುದಿಲ್ಲ. ಒಂದು ಕರ್ಕಶವಾದ ಸಿಳ್ಳು ಮಾತ್ರ ಕೇಳುತ್ತದೆ. ಡಚ್ ಚಾಲಕರಿಗೆ ‘ಓಕೆ’ ಸ್ಪಷ್ಟವಾಗಿ ಕೇಳಿಸಿತು. ಅದರ ಮುಂದಿನ ಮೂರು ನಾಲ್ಕು ಸೆಕೆಂಡು ಸಿಳ್ಳು. ನಿಲ್ಲು ಎಂಬ ಮಾತೂ, ನಾವಿಲ್ಲಿದ್ದೇವೆ ಎಂಬ ಮಾತೂ ಒಂದನ್ನೊಂದು ಕೊಂದುಕೊಂಡವು.

ನಮ್ಮ ಹಳ್ಳದ ದಂಡೆಯಲ್ಲಿ ಆದದ್ದು ಇದೇ ಅಲ್ಲವೆ? ಕನ್ನಡದ ಕ್ರಿಯಾಪದ ತನ್ನ ನಿಷೇಧವನ್ನು ಬಾಲದಲ್ಲಿ ಇಟ್ಟುಕೊಂಡಿರುತ್ತದೆ. ‘ಬರ’ ಎಂಬುದು ಮೊದಲು ಬರುತ್ತದೆ, ‘ಬ್ಯಾಡ’ ಎಂಬುದು ಆಮೇಲೆ. ‘ಬರಬ್ಯಾಡಣ್ಣಾ’ ಎಂಬುದರಲ್ಲಿ ‘ಬ್ಯಾಡ’ ಎಂಬ ಎರಡಕ್ಷರದ ಮೇಲೆ ನೀರಿನ ಸದ್ದೂ ಹಿಂದಿನವನ ‘ಹೋ’ಕಾರವೂ ಬಿದ್ದರೆ, ಆಚೆಯ ದಂಡೆಗೆ ಮುಟ್ಟುವುದು ‘ಬರ… ಣ್ಣಾ’. ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಆತುರದ ಕಿವಿ ಅದನ್ನು ‘ಬಾರಣ್ಣಾ’ ಎಂದು ತುಂಬಿಕೊಳ್ಳುತ್ತದೆ. ಕಿವಿ ಅರ್ಧವನ್ನು ಕೇಳುತ್ತದೆ, ಉಳಿದರ್ಧವನ್ನು ಮನಸ್ಸು ತನಗೆ ಬೇಕಾದಂತೆ ಬರೆದುಕೊಳ್ಳುತ್ತದೆ. ಡಚ್ ಕ್ಯಾಪ್ಟನ್ನನಿಗೂ ಆತುರವಿತ್ತು. ಅವರ ದೇಶದ ಕಾನೂನಿನಂತೆ ಚಾಲಕರ ದುಡಿಮೆಯ ಹೊತ್ತಿಗೆ ಕಟ್ಟುನಿಟ್ಟಾದ ಮಿತಿಯಿತ್ತು. ಇನ್ನಷ್ಟು ತಡವಾದರೆ ಅಂದು ಹಾರುವಂತೆಯೇ ಇರಲಿಲ್ಲ.

‘ಓಕೆ’ ಎಂಬ ಒಂದು ಮಾತಿನ ಬಗೆಗೂ ಹೇಳಬೇಕು. ಅಜ್ಜಿ ಕತೆ ಹೇಳುವಾಗ ಮೊಮ್ಮಗ ‘ಹೂಂ’ಗುಡಬೇಕು. ಹೂಂಗುಡದಿದ್ದರೆ ಕತೆ ನಿಲ್ಲುತ್ತದೆ. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಎಂದಾಗಲೂ ಹುಡುಗ ‘ಹೂಂ’ ಎನ್ನುತ್ತಾನೆ. ಅದು ರಾಕ್ಷಸನಿಗೆ ಅವನು ಕೊಟ್ಟ ಒಪ್ಪಿಗೆಯೇ? ಅಲ್ಲ, ‘ಎಚ್ಚರವಾಗಿದ್ದೇನೆ, ಹೇಳು’ ಎಂದಷ್ಟೆ. ನಿಯಂತ್ರಕನ ‘ಓಕೆ’ ಅಂಥ ಹೂಂಕಾರ. ಅದೇ ಮಾತು ಹೆಣ್ಣು ನೋಡಲು ಬಂದ ಹಿರಿಯರ ಬಾಯಲ್ಲಿ ಬಂದರೆ ಮದುವೆಯೇ ಗೊತ್ತಾದಂತೆ.

ಇನ್ನೊಂದು ಕಡೆಯ ಅವಕಾಶವೂ ಇತ್ತು. ವಿಮಾನ ವೇಗ ಹಿಡಿಯುತ್ತಿರುವಾಗ ಕ್ಯಾಪ್ಟನ್ನನ ಹಿಂದೆ ಕುಳಿತಿದ್ದ ಎಂಜಿನಿಯರನ ಕಿವಿಗೆ ಪ್ಯಾನ್ ಆಮ್‌ನ ಮುಂದಿನ ಮಾತಿನ ಒಂದು ತುಣುಕು ಬಿದ್ದಿತ್ತು. ‘ಆ ಅಮೆರಿಕದ ವಿಮಾನ ದಾರಿ ಬಿಟ್ಟಿಲ್ಲವೇನೋ?’ ಎಂದು ಆತ ಕೇಳಿದ. ‘ಬಿಟ್ಟಿದೆ’ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಎಂಜಿನಿಯರ್ ಸುಮ್ಮನಾದ. ಆ ಬಳಿಕ ಕೆಲವೇ ಸೆಕೆಂಡು. 583 ಜನ ಸತ್ತರು. ಡಚ್ ವಿಮಾನದಲ್ಲಿದ್ದ 248 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನ 396 ಜನರಲ್ಲಿ 61 ಜನ ಬದುಕಿದರು. ವಿಮಾನಯಾನದ ಚರಿತ್ರೆಯಲ್ಲಿ ಒಂದು ಅಪಘಾತಕ್ಕೆ ಇಷ್ಟು ಜನ ಬಲಿಯಾದದ್ದು ಹಿಂದೂ ಇಲ್ಲ, ಆಮೇಲೂ ಇಲ್ಲ.

ನಮ್ಮ ಚಕ್ಕಡಿಯಲ್ಲಿದ್ದ ಆಳುಮಗನೂ ಅಂದು ಏನೋ ಹೇಳಿದ್ದನಂತೆ. ತಂದೆಯವರೇ ಮುಪ್ಪಿನಲ್ಲಿ ಒಮ್ಮೆ ಬಾಯಿಬಿಟ್ಟರು: ‘ಅಂವಾ ಬ್ಯಾಡ ಅಂದಂಗಾತ್ರೀ ಅಂದ. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ.’ ಒಡೆಯನ ಮಾತಿಗೆ ಎರಡನೆಯ ಸಲ ಅಡ್ಡ ಮಾತಾಡುವುದು ಅವನಿಗೆ ಸಾಧ್ಯವಿರಲಿಲ್ಲ. ವಿಮಾನ ಕಂಪನಿಗಳು ಟೆನರೀಫ್ ಆದ ಮೇಲೆ ಕಲಿತ ದೊಡ್ಡ ಪಾಠಗಳಲ್ಲಿ ಇದೊಂದು. ಸಂದೇಹ ಬಂದ ಕಿರಿಯ ಎರಡನೆಯ ಸಲವೂ, ಮೂರನೆಯ ಸಲವೂ ಕೇಳಬೇಕು. ಹಿರಿಯ ಅದನ್ನು ಉದ್ಧಟತನವೆಂದು ಬಗೆಯಬಾರದು. ಇದನ್ನೀಗ ಪ್ರತ್ಯೇಕವಾಗಿ ಕಲಿಸುತ್ತಾರೆ. ನಮ್ಮ ಕಚೇರಿಗಳಿಗೂ ಮನೆಗಳಿಗೂ ಈ ತರಬೇತಿ ಯಾವಾಗ ಬರುವುದೋ ಕಾಣೆ.

ದುರಂತದ ಬಳಿಕ ಮಾತಿನಲ್ಲಿಯೂ ತಿದ್ದುಪಡಿಯಾಯಿತು. ‘ಟೇಕಾಫ್’ ಎಂಬ ಶಬ್ದಕ್ಕೆ ಈಗ ಮಡಿ. ನಿಜವಾಗಿ ಏರುವ ಅಪ್ಪಣೆ ಕೊಡುವಾಗ, ಇಲ್ಲವೆ ಕೊಟ್ಟ ಅಪ್ಪಣೆಯನ್ನು ಹಿಂತೆಗೆಯುವಾಗ ಮಾತ್ರ ಅದನ್ನು ಉಚ್ಚರಿಸಬೇಕು. ಉಳಿದ ಕಡೆಯಲ್ಲೆಲ್ಲ ‘ನಿರ್ಗಮನ’ ಎಂಬರ್ಥದ ಬೇರೆ ಶಬ್ದ ಬಳಸಬೇಕು. ಅಪ್ಪಣೆಗೆ ಉತ್ತರವಾಗಿ ಬರಿಯ ಹೂಂಗುಟ್ಟುವಿಕೆ ಸಾಲದು. ಅದರ ಮುಖ್ಯಾಂಶಗಳನ್ನು ಚಾಲಕ ತಿರುಗಿ ಒಪ್ಪಿಸಬೇಕು, ನಿಯಂತ್ರಕ ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದಲ್ಲಿ ತಿದ್ದಬೇಕು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಫೋನಿನಲ್ಲಿ ಇಪ್ಪತ್ತು, ಎಪ್ಪತ್ತುಗಳ ಗೊಂದಲದಿಂದ ಹತ್ತಿಯ ದರದಲ್ಲಿ ಕೈ ಸುಟ್ಟುಕೊಂಡ ನಮ್ಮ ದಲಾಲರಿಗೆ ಇದರ ಹಿತ ಹೇಳಿಕೊಡಬೇಕಾಗಿಲ್ಲ; ಅವರು ಎಂದಿನಿಂದಲೋ ‘ಎರಡು ಸೊನ್ನಿ, ಏಳು ಸೊನ್ನಿ’ ಎಂದು ಬಿಡಿಸಿ ಹೇಳುತ್ತಾರೆ.

ತಿರುಗಿ ಒಪ್ಪಿಸುವ ಈ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತವರ ವಿದ್ಯೆಯೆಲ್ಲ ಇದೇ ಕ್ರಮದಲ್ಲಿ ನಡೆದದ್ದು. ಗುರು ಒಂದು ಪಲುಕು ಹಾಡುತ್ತಾರೆ, ಶಿಷ್ಯ ಅದನ್ನು ತಿರುಗಿ ಹಾಡುತ್ತಾನೆ, ಗುರು ಕೇಳುತ್ತಾರೆ. ಕೇಳುವುದೇ ಇಲ್ಲಿ ಗುರುವಿನ ದೊಡ್ಡ ಕೆಲಸ. ಸ್ವರ ಕೂದಲೆಳೆಯಷ್ಟು ಜಾರಿದರೆ ಮತ್ತೆ ಮೊದಲಿನಿಂದ. 1930ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರೂ, ಗುರುಗಳ ಮನೆಯಲ್ಲಿಯೇ ಉಳಿದು ಕಲಿತ ಭೀಮಸೇನ ಜೋಶಿಯವರೂ ಈ ಒಪ್ಪಿಸುವಿಕೆಯಲ್ಲಿ ಪಳಗಿದವರು. ‘ತಿಳೀತ್ರಿ’ ಎಂದು ತಲೆಯಾಡಿಸಿದ ಶಿಷ್ಯನನ್ನು ಯಾವ ಗುರುವೂ ನಂಬಿದ್ದಿಲ್ಲ. ನನ್ನ ತರಗತಿಯಲ್ಲಿ ನಾನು ಮೂವತ್ತು ವರ್ಷ ‘ತಿಳೀತೇನ್ರೋ?’ ಎಂದು ಕೇಳಿದೆ; ಮೂವತ್ತು ವರ್ಷವೂ ಹುಡುಗರು ಒಕ್ಕೊರಲಿನಿಂದ ‘ತಿಳೀತ್ರಿ ಸರ’ ಎಂದರು. ಪರೀಕ್ಷೆಯ ಉತ್ತರ ಪತ್ರಿಕೆಗಳು ಬೇರೆಯದನ್ನೇ ಹೇಳುತ್ತಿದ್ದವು.

ರೈಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾತನ್ನೇ ನಂಬದಿದ್ದರು. ಅಣ್ಣಿಗೇರಿಯ ನಿಲ್ದಾಣದಲ್ಲಿ ಮೀಟರ್ ಗೇಜಿನ ಕಾಲದಲ್ಲಿ ನಿಂತು ನೋಡಿದವರಿಗೆ ನೆನಪಿರಬಹುದು. ಹಳಿ ಒಂದೇ, ಎರಡೂ ಕಡೆಯಿಂದ ಗಾಡಿ ಬರುವುದು. ‘ಲೈನ್ ಕ್ಲಿಯರ್’ ಎಂಬ ಅಪ್ಪಣೆ ಚಾಲಕನಿಗೆ ಬಾಯಿಮಾತಿನಲ್ಲಿ ಸಿಗುತ್ತಿರಲಿಲ್ಲ. ದೊಡ್ಡ ಬಳೆಯಂಥ ಬೆತ್ತದ ಚಕ್ರಕ್ಕೆ ಕಟ್ಟಿದ ಚರ್ಮದ ಚೀಲ, ಅದರೊಳಗೆ ಟೋಕನ್. ನಮ್ಮ ಕಡೆಯ ಒಂಟಿ ಹಳಿಯ ದಾರಿಗಳಲ್ಲಿ ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳಿಗೆ ವಿದ್ಯುತ್ತಿನ ತಂತಿಯ ನಂಟು ಇರುತ್ತಿತ್ತು; ಆ ನಿಲ್ದಾಣದವನು ಒಪ್ಪದೆ ಈ ನಿಲ್ದಾಣದ ಯಂತ್ರದಿಂದ ಟೋಕನ್ ಹೊರಬಾರದು, ಒಂದು ಹೊರಬಂದ ಮೇಲೆ ಅದು ಮರಳಿ ಸೇರುವವರೆಗೆ ಇನ್ನೊಂದು ಹೊರಬಾರದು. ಆ ಟೋಕನ್ ಕೈಯಲ್ಲಿದ್ದರೆ ಮುಂದಿನ ನಿಲ್ದಾಣದವರೆಗಿನ ಹಳಿ ನಿನ್ನದು. ಇಲ್ಲದಿದ್ದರೆ ಸಿಗ್ನಲ್ ಯಾವ ಬಣ್ಣದಲ್ಲಿ ನಕ್ಕರೂ ಕದಲಬಾರದು. ಓಡುವ ಗಾಡಿಯಿಂದ ತೋಳು ಚಾಚಿ ಆ ಬಳೆಯನ್ನು ಹಿಡಿಯುವುದನ್ನು ನೋಡಲೆಂದೇ ನಾವು ಹುಡುಗರು ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದೆವು. ಅಪ್ಪಣೆಯನ್ನು ಕೈಯಿಂದ ಮುಟ್ಟಬಹುದಿತ್ತು, ತೂಗಬಹುದಿತ್ತು. ಅದನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಆಕಾಶದಲ್ಲಿ ಬಳೆ ಕೊಡುವುದು ಹೇಗೆ? ದೊಡ್ಡ ನಿಲ್ದಾಣಗಳಲ್ಲಿ ಈಗ ದಾರಿಯ ಅಪ್ಪಣೆ ಅಕ್ಷರರೂಪದಲ್ಲಿ ಚಾಲಕನ ಮುಂದಿನ ಪರದೆಗೆ ಬರುತ್ತದೆ. ಚಾಲಕ ಓದಿ ಒಪ್ಪಿದೆನೆಂದು ತಿಳಿಸುತ್ತಾನೆ. ಆದರೆ ಏರುವ, ಇಳಿಯುವ, ತುರ್ತಾಗಿ ತಿರುಗುವ ಮಾತುಗಳು ಇಂದಿಗೂ ಬಾಯಿಯಿಂದ ಕಿವಿಗೇ.

ಆ ಕಿವಿ ಮೋಸಹೋದ ಪ್ರಸಂಗಗಳು ನಮ್ಮ ದೇಶಕ್ಕೂ ಬಂದಿವೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನವೂ ದಿಲ್ಲಿಗೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನವೂ ಎದುರುಬದುರಾಗಿ ಬಡಿದು 349 ಜನ ಹೊಲಗಳ ಮೇಲೆ ಬಿದ್ದರು. ಸೌದಿ ವಿಮಾನಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎಂದು ಗೊತ್ತುಮಾಡಿದ್ದರು. ಕಜಕ್ ವಿಮಾನ ತನ್ನ ಎತ್ತರ ಬಿಟ್ಟು ಕೆಳಗಿಳಿಯಿತು ಎಂಬುದು ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆ ಕಂಡುಕೊಂಡ ಕಾರಣ. ಆ ವಿಮಾನದಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ಚಾಲಕನಲ್ಲ, ರೇಡಿಯೋ ನೋಡಿಕೊಳ್ಳುವ ಬೇರೊಬ್ಬ. ಎದುರಿಗೆ ಬರುತ್ತಿರುವ ವಿಮಾನ ಇಂಥ ಎತ್ತರದಲ್ಲಿದೆ ಎಂದು ನಿಯಂತ್ರಕ ಎಚ್ಚರಿಸಿದ ಅಂಕಿಯನ್ನೇ ತಮಗೆ ಕೊಟ್ಟ ಅಪ್ಪಣೆಯೆಂದು ಅವರು ತಿಳಿದರೇನೋ ಎಂಬ ಊಹೆಯೂ ಉಂಟು. ಹೌದಾಗಿದ್ದರೆ, ‘ಅಲ್ಲಿ ಹಾವಿದೆ’ ಎಂಬ ಮಾತನ್ನು ‘ಅಲ್ಲಿಗೆ ಹೋಗು’ ಎಂದು ಕೇಳಿಸಿಕೊಂಡ ಹಾಗಾಯಿತು.

ಇದಕ್ಕೆ ಒಂದು ವರ್ಷ ಹಿಂದೆ, 1995ರ ಡಿಸೆಂಬರ್ 20ರಂದು, ಕೊಲಂಬಿಯಾದ ಕಾಲಿ ಎಂಬ ಊರಿಗೆ ಇಳಿಯಬೇಕಾಗಿದ್ದ ಅಮೆರಿಕದ ವಿಮಾನವೊಂದು ಬೆಟ್ಟಕ್ಕೆ ಬಡಿದು 159 ಜನ ಸತ್ತರು. ‘ಕಾಲಿಗೆ ಹೋಗಬಹುದು’ ಎಂಬ ದಾರಿಯ ಅಪ್ಪಣೆಯನ್ನು ಚಾಲಕರು, ನಡುವಿನ ಗುರುತುಗಳನ್ನು ಬಿಟ್ಟು ನೇರವಾಗಿ ಹೋಗಬಹುದೆಂದು ಅರ್ಥಮಾಡಿಕೊಂಡರು. ಅಲ್ಲಿಂದ ಗೊಂದಲದ ಮೇಲೆ ಗೊಂದಲ. ವಿಚಾರಣೆಯಲ್ಲಿ ನಿಯಂತ್ರಕ ಹೇಳಿದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಚಾಲಕರ ಕೋರಿಕೆಗಳಿಗೆ ಅರ್ಥವೇ ಇಲ್ಲವೆಂದು ಆತನಿಗೆ ಅನಿಸಿತ್ತು. ಅವರು ಸ್ಪ್ಯಾನಿಷ್ ಬಲ್ಲವರಾಗಿದ್ದರೆ ಹಾಗೆಂದು ಹೇಳಿಬಿಡುತ್ತಿದ್ದ. ಇಂಗ್ಲಿಷಿನಲ್ಲಿ ಆತನಿಗೆ ಗೊತ್ತಿದ್ದುದು ಕಟ್ಟುಪಾಡಿನ ಮಾತುಗಳು ಮಾತ್ರ. ಸಂದೇಹವನ್ನು ಹೇಳಲು ಬೇಕಾದ ಭಾಷೆ ಆತನಲ್ಲಿರಲಿಲ್ಲ.

ಇಂಥ ಅನುಭವಗಳಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ದೇಶದಿಂದ ದೇಶಕ್ಕೆ ಹಾರುವ ಚಾಲಕರಿಗೂ ಅವರೊಡನೆ ಮಾತಾಡುವ ನಿಯಂತ್ರಕರಿಗೂ ಇಂಗ್ಲಿಷಿನ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2008ರಿಂದ ಅದು ಜಾರಿಗೆ ಬಂತು. ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನಾದರೂ ಏರಬೇಕು. ಒಳ್ಳೆಯದೇ. ಆದರೆ ಒಂದೇ ಭಾಷೆ ಬಲ್ಲವರ ನಡುವೆ ತಪ್ಪು ನಡೆಯುವುದಿಲ್ಲವೆಂದು ತಿಳಿಯಬಾರದು. ನಮ್ಮ ಬೆಂಗಳೂರಿನಲ್ಲಿಯೇ 2022ರ ಜನವರಿ 7ರ ಬೆಳಿಗ್ಗೆ ಅಕ್ಕಪಕ್ಕದ ಎರಡು ಓಡುದಾರಿಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರಿ ಒಂದರತ್ತ ಒಂದು ಸರಿಯತೊಡಗಿದವು. ದಕ್ಷಿಣದ ಓಡುದಾರಿಯನ್ನು ಸದ್ಯಕ್ಕೆ ಬಳಸುವುದು ಬೇಡವೆಂದು ನಡುವೆ ಆದ ತೀರ್ಮಾನ ದಕ್ಷಿಣದ ಗೋಪುರದಲ್ಲಿದ್ದವರಿಗೆ ಮುಟ್ಟಿರಲಿಲ್ಲವೆಂದು ಆಗ ವರದಿಯಾಯಿತು. ರೇಡಾರಿನ ಮುಂದೆ ಕುಳಿತಿದ್ದ ನಿಯಂತ್ರಕ ಕಂಡು ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ, ಬಹುಶಃ ಏನಾಯಿತೆಂದೇ ಅರಿಯದೆ, ತಮ್ಮ ಊರು ಸೇರಿದರು.

ಟೆನರೀಫ್‌ನ ತಪ್ಪು ಯಾರದು? ಸ್ಪೇನಿನವರ ವರದಿ, ಅಪ್ಪಣೆಯಿಲ್ಲದೆ ಏರಹೊರಟ ಕ್ಯಾಪ್ಟನ್ನನ ಮೇಲೆ ಬೆರಳಿಟ್ಟಿತು. ಡಚ್ಚರು ತಮ್ಮ ಟಿಪ್ಪಣಿಯಲ್ಲಿ, ಎರಡೂ ಕಡೆಯವರು ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದದ್ದಕ್ಕೆ ಒತ್ತು ಕೊಟ್ಟರು. ಕೊನೆಗೆ ಅವರ ಕಂಪನಿ ಹೊಣೆ ಹೊತ್ತು ಪರಿಹಾರ ಕೊಟ್ಟಿತು. ಕ್ಯಾಪ್ಟನ್ ಉಳಿದಿರಲಿಲ್ಲ, ಉಳಿದಿದ್ದರೆ ಏನು ಹೇಳುತ್ತಿದ್ದನೋ. ‘ನನಗೆ ಅಪ್ಪಣೆ ಸಿಕ್ಕಿತ್ತು’ ಎಂದೇ ಹೇಳುತ್ತಿದ್ದ ಎಂದು ನನಗೆ ಅನಿಸುತ್ತದೆ. ಅದು ಸುಳ್ಳೂ ಆಗಿರುತ್ತಿರಲಿಲ್ಲ.

ನಮ್ಮ ಕಾಕಾ ವಯಸ್ಸಾದ ಮೇಲೆ ಕಲಘಟಗಿ ತಾಲ್ಲೂಕಿನಲ್ಲಿದ್ದ ಮಗಳ ಮನೆಗೆ ಹೋಗಿ ಇರುವುದೆಂದು ಗೊತ್ತಾಯಿತು. ಹೋಗುವ ದಿನ ಗಂಟು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು, ಇಪ್ಪತ್ತು ವರ್ಷಗಳ ಮೇಲೆ. ತಂದೆಯವರು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ.

‘ಅಣ್ಣಾ, ಅವತ್ತ ನಾ ಬರಬ್ಯಾಡ ಅಂದಿದ್ದೆ’ ಎಂದರು ಕಾಕಾ.

ತಂದೆಯವರು ಬಹಳ ಹೊತ್ತು ಹಗ್ಗವನ್ನೇ ನೋಡುತ್ತಿದ್ದರು. ಆಮೇಲೆ, ‘ನನಗ ಬಾರಣ್ಣಾ ಅಂತ ಕೇಳಿಸ್ತು’ ಎಂದರು. ಅದುವರೆಗೆ ‘ನೀ ಅಂದಿ’ ಎಂದೇ ಹೇಳುತ್ತ ಬಂದವರು. ‘ಹಿಂದಿನ ಚಕ್ಕಡಿಯಂವಾ ಹೋ ಅಂದ ನೋಡು, ಅವನ ದನಿ ಅಡ್ಡ ಬಂತು.’

ಕಾಕಾ ‘ಹೂಂ’ ಎಂದರು. ಆಮೇಲೆ, ‘ಹಂಗಾರ ನಾ ಹೊಂಟೆ’ ಎಂದರು. ಎಂದವರು ಗಂಟನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು. ಅವ್ವ ಚಹಾ ತಂದಾಗಲೂ ಅಲ್ಲಿಯೇ ಇದ್ದರು. ಮಧ್ಯಾಹ್ನದ ಬಸ್ಸೂ ಹೋಯಿತು.